ಮುಚ್ಚಳ ತೆಗೆದವರ ಕಥೆ

ರೇಡಿಯೋ ಕೆಟ್ಟರೆ ಬಿಚ್ಚಿ ನೋಡಿದವರು ನಾವು. ಹೊಲಿಗೆ ಯಂತ್ರಕ್ಕೆ ನಾವೇ ಎಣ್ಣೆ ಬಿಟ್ಟೆವು, ಸೈಕಲ್ಲಿನ ಚೈನನ್ನು ನಾವೇ ಕೂರಿಸಿದೆವು. ಕಂಪ್ಯೂಟರಿನ ಮುಂದೆ ಮಾತ್ರ ಕೈಕಟ್ಟಿ ನಿಲ್ಲುತ್ತೇವೆ. ಇದು ಸೋಜಿಗದ ಸಂಗತಿ. ಏಕೆಂದರೆ ಮನೆಯ ಕಂಪ್ಯೂಟರ್ ಹುಟ್ಟಿದ್ದೇ ಮುಚ್ಚಳ ತೆಗೆದು ಕೂತ ಹವ್ಯಾಸಿಗಳ ಕೈಯಲ್ಲಿ. ಆ ಕಥೆಯನ್ನು ನಮ್ಮ ಮಕ್ಕಳಿಗೆ ಹೇಳುವುದು ಅಗತ್ಯವೆಂದು ತೋರಿ ಇಲ್ಲಿ ಬರೆಯುತ್ತಿದ್ದೇವೆ.

1970ರ ದಶಕದ ಮೊದಲಲ್ಲಿ ಕಂಪ್ಯೂಟರ್ ಎಂದರೆ ಸರ್ಕಾರದ, ವಿಶ್ವವಿದ್ಯಾಲಯದ ಅಥವಾ ದೊಡ್ಡ ಕಂಪೆನಿಯ ಸೊತ್ತು. ಅದಕ್ಕೊಂದು ತಂಪು ಕೋಣೆ, ನೋಡಿಕೊಳ್ಳಲು ಸಿಬ್ಬಂದಿ. ಈ ಸ್ಥಿತಿಯನ್ನು ಬದಲಿಸಿದ್ದು ಮೈಕ್ರೊಪ್ರೊಸೆಸರ್. ಲೆಕ್ಕ ಮಾಡುವ ಭಾಗವನ್ನೆಲ್ಲ ಉಗುರಿನಷ್ಟು ಸಿಲಿಕಾನ್ ಚೂರಿಗೆ ಇಳಿಸಿ ಇಂಟೆಲ್ ಕಂಪೆನಿ 1971ರಲ್ಲಿ 4004 ಎಂಬುದನ್ನೂ 1974ರಲ್ಲಿ 8080 ಎಂಬುದನ್ನೂ ಮಾರುಕಟ್ಟೆಗೆ ತಂದಿತು.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿಯಲ್ಲಿ ಎಡ್ ರಾಬರ್ಟ್ಸ್ ಎಂಬುವರು ಎಂ.ಐ.ಟಿ.ಎಸ್. ಎಂಬ ಸಣ್ಣ ಕಂಪೆನಿ ನಡೆಸುತ್ತಿದ್ದರು. ಕ್ಯಾಲ್ಕುಲೇಟರ್ ವ್ಯಾಪಾರದಲ್ಲಿ ಪೆಟ್ಟು ತಿಂದು ಸಾಲ ಹೊತ್ತಿದ್ದ ಅವರು 8080ನ್ನು ನೆಚ್ಚಿ ಒಂದು ಕಿಟ್ ತಯಾರಿಸಿದರು. ‘ಪಾಪ್ಯುಲರ್ ಎಲೆಕ್ಟ್ರಾನಿಕ್ಸ್’ ಪತ್ರಿಕೆಯ 1975ರ ಜನವರಿ ಸಂಚಿಕೆಯ ಮುಖಪುಟದಲ್ಲಿ ಅದರ ಚಿತ್ರ ಬಂತು. ಹೆಸರು ಆಲ್ಟೇರ್ 8800, ಬೆಲೆ ಸುಮಾರು 400 ಡಾಲರ್. ಬಿಡಿಭಾಗಗಳನ್ನು ತರಿಸಿಕೊಂಡು ಬೆಸುಗೆ ಹಾಕಿ ಜೋಡಿಸುವುದು ಕೊಂಡವರ ಕೆಲಸ. ಅದಕ್ಕೆ ಕೀಲಿಮಣೆಯೂ ಇಲ್ಲ, ಪರದೆಯೂ ಇಲ್ಲ. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಆಜ್ಞೆ ಕೊಡಬೇಕು, ಹೊತ್ತುವ ದೀಪಗಳನ್ನು ನೋಡಿ ಉತ್ತರ ತಿಳಿಯಬೇಕು. ಸ್ಮರಣೆ 256 ಬೈಟ್; ಈ ಲೇಖನದ ಒಂದು ಪ್ಯಾರಾ ಕೂಡ ಅದರಲ್ಲಿ ಹಿಡಿಸದು. ಆದರೂ ಸಾವಿರಾರು ಜನ ತರಿಸಿಕೊಂಡರು.

ಆಲ್ಟೇರಿನ ಜಾಣತನವೆಲ್ಲ ಒಳಗಿತ್ತು. ಅದರ ಭಾಗಗಳು ಬೇರೆ ಬೇರೆ ಕಾರ್ಡುಗಳ ಮೇಲಿದ್ದು 100 ಸಂಪರ್ಕಗಳ ಸ್ಲಾಟುಗಳಲ್ಲಿ ಕೂರುತ್ತಿದ್ದವು. ಯಾವ ಸಂಪರ್ಕದಲ್ಲಿ ಯಾವ ಸಂಕೇತ ಹರಿಯುತ್ತದೆಂದು ತಿಳಿದವರು ಹೊಸ ಕಾರ್ಡು ಮಾಡಬಹುದಾಗಿತ್ತು. ಸ್ಮರಣೆ ಹೆಚ್ಚಿಸುವ ಕಾರ್ಡು, ಟಿ.ವಿ.ಗೆ ಜೋಡಿಸುವ ಕಾರ್ಡು ಎಂದು ಹೊರಗಿನವರು ಮಾಡತೊಡಗಿದರು. ಈ ಏರ್ಪಾಡಿಗೆ ಎಸ್-100 ಎಂಬ ಹೆಸರಾಯಿತು. ಇದ್ದ ಯಂತ್ರವನ್ನು ಉಳಿಸಿಕೊಂಡು ಭಾಗ ಬದಲಿಸಿ ಬೆಳೆಸುವುದಕ್ಕೆ ಈಗ ಅಪ್‌ಗ್ರೇಡ್ ಎನ್ನುತ್ತೇವೆ. ಹವ್ಯಾಸಿಗಳಿಗೆ ಅದರ ರುಚಿ ಹತ್ತಿದ್ದು ಹೀಗೆ.

1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯದ ಮೆನ್ಲೊ ಪಾರ್ಕಿನಲ್ಲಿ ಗಾರ್ಡನ್ ಫ್ರೆಂಚ್ ಎಂಬುವರ ಮನೆಯ ಗ್ಯಾರೇಜಿನಲ್ಲಿ ಸುಮಾರು 30 ಹವ್ಯಾಸಿಗಳು ಸೇರಿದರು. ಹೋಂಬ್ರೂ ಕಂಪ್ಯೂಟರ್ ಕ್ಲಬ್ ಎಂಬ ಆ ಕೂಟ 1986ರವರೆಗೆ ನಡೆಯಿತು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರಿಗೆ ತೋರಿಸುವುದು, ತಿಳಿಯದ್ದನ್ನು ಕೇಳುವುದು, ಬಿಡಿಭಾಗ ಕೊಟ್ಟು ತೆಗೆದುಕೊಳ್ಳುವುದು, ಇಷ್ಟೇ ಅಲ್ಲಿಯ ಕಾರ್ಯಕ್ರಮ. ಅಲ್ಲಿಗೆ ಬರುತ್ತಿದ್ದ ಸ್ಟೀವ್ ವೋಜ್ನಿಯಾಕ್ ತಾವು ರೂಪಿಸಿದ ಕಂಪ್ಯೂಟರಿನ ನಕ್ಷೆಯನ್ನು ಸದಸ್ಯರಿಗೆ ಪುಕ್ಕಟೆಯಾಗಿ ಹಂಚಿದರು. ಅದೇ 1976ರಲ್ಲಿ 666.66 ಡಾಲರಿಗೆ ಮಾರಾಟವಾದ ಆ್ಯಪಲ್-1. ಕೊಂಡವರಿಗೆ ಸಿಗುತ್ತಿದ್ದುದು ಜೋಡಿಸಿದ ಬೋರ್ಡು ಮಾತ್ರ. ಪೆಟ್ಟಿಗೆ, ಕೀಲಿಮಣೆ, ಪರದೆಗಳನ್ನು ಅವರೇ ಹೊಂದಿಸಿಕೊಳ್ಳಬೇಕಿತ್ತು.

1981ರ ಆಗಸ್ಟ್ 12ರಂದು ಬಂದ ಐ.ಬಿ.ಎಂ. ಪಿ.ಸಿ. ಈ ಪದ್ಧತಿಯನ್ನು ಕಚೇರಿಗಳಿಗೆ ಮುಟ್ಟಿಸಿತು. ಬೇಗ ಮುಗಿಸುವ ಅವಸರದಲ್ಲಿ ಐ.ಬಿ.ಎಂ. ಹೊರಗಿನ ಬಿಡಿಭಾಗಗಳನ್ನೇ ಬಳಸಿ, 5 ಸ್ಲಾಟುಗಳನ್ನಿಟ್ಟು, ಸರ್ಕ್ಯೂಟ್ ನಕ್ಷೆಗಳನ್ನೂ ಪುಸ್ತಕವಾಗಿ ಪ್ರಕಟಿಸಿತು. ಯಂತ್ರವನ್ನು ಎಬ್ಬಿಸುವ ಬಯಾಸ್ ಎಂಬ ತಂತ್ರಾಂಶದ ಮೇಲೆ ಮಾತ್ರ ಅದರ ಹಕ್ಕಿತ್ತು. ಅದನ್ನು ಕಾಂಪ್ಯಾಕ್ ಮತ್ತಿತರ ಕಂಪೆನಿಗಳು ನಕಲು ಮಾಡದೆ ಹೊಸದಾಗಿ ಬರೆದುಕೊಂಡವು. ಅಲ್ಲಿಂದ ಪಿ.ಸಿ. ಒಬ್ಬರ ಸೊತ್ತಾಗಿ ಉಳಿಯಲಿಲ್ಲ. 1995ರಲ್ಲಿ ಇಂಟೆಲ್ ಹೊರತಂದ ಎ.ಟಿ.ಎಕ್ಸ್. ಅಳತೆಯಿಂದಾಗಿ ಯಾರದೋ ಬೋರ್ಡು ಯಾರದೋ ಪೆಟ್ಟಿಗೆಯಲ್ಲಿ ಸಲೀಸಾಗಿ ಕೂರುವಂತಾಯಿತು.

ನಮ್ಮ ದೇಶದಲ್ಲಿ 1984ರ ನವೆಂಬರಿನ ಕಂಪ್ಯೂಟರ್ ನೀತಿ ಆಮದಿನ ಬಿಗಿಯನ್ನು ಸಡಿಲಿಸಿತು. 1991ರ ಆರ್ಥಿಕ ಸುಧಾರಣೆಯ ನಂತರ ಬಿಡಿಭಾಗಗಳು ಇನ್ನೂ ಸುಲಭವಾಗಿ ಬಂದವು. ಕಂಪೆನಿಯ ಯಂತ್ರ ಕೊಳ್ಳಲಾರದ ಸಂಬಳದಾರರು ‘ಅಸೆಂಬಲ್’ ಮಾಡಿಸಿದ ಪಿ.ಸಿ.ಯನ್ನು ಮನೆಗೆ ತಂದರು. ದೆಹಲಿಯ ನೆಹರೂ ಪ್ಲೇಸ್, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆ ಇವೆಲ್ಲ ಆ ವ್ಯಾಪಾರಕ್ಕೆ ಹೆಸರಾದ ಜಾಗಗಳು. ಪರವೂರಿನಲ್ಲಿ ಮನೆ ಹೂಡಿದ ನಮ್ಮಂಥ ಸಂಸಾರಗಳ ಎಷ್ಟೋ ಮಕ್ಕಳು ಮೊದಲು ಕೀಲಿಮಣೆ ಮುಟ್ಟಿದ್ದು ಇಂಥ ಯಂತ್ರದ ಮುಂದೆಯೇ.

ಈಗ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದುಕೊಂಡಿರುತ್ತದೆ. ಸಾಲದೆಂದರೆ ಇಡೀ ಯಂತ್ರವನ್ನೇ ಬದಲಿಸಬೇಕು. ಸ್ಲಾಟು ಹೋದರೆ ಹಣದ ಜೊತೆಗೆ ಕಲಿಯುವ ಬಾಗಿಲೂ ಹೋಗುತ್ತದೆ. ಬಿಚ್ಚಲಾಗದ್ದನ್ನು ಮಕ್ಕಳು ಅರಿಯುವುದಾದರೂ ಹೇಗೆ?

ಆದ್ದರಿಂದ ಮೂಲೆಗೆ ಬಿದ್ದ ಹಳೆಯ ಡೆಸ್ಕ್‌ಟಾಪನ್ನು ಗುಜರಿಗೆ ಹಾಕುವ ಮುನ್ನ ಮಕ್ಕಳೊಡನೆ ಒಮ್ಮೆ ತೆರೆಯೋಣ. ಮೊದಲು ಬೇಕಾದ ಕಡತಗಳ ಪ್ರತಿ ತೆಗೆದಿಡಬೇಕು, ಪ್ಲಗ್ ಕೀಳಬೇಕು, ಮೈಯ ಸ್ಥಾಯಿ ವಿದ್ಯುತ್ತು ಇಳಿಯಲು ಪೆಟ್ಟಿಗೆಯ ಲೋಹವನ್ನು ಮುಟ್ಟಬೇಕು. ವಿದ್ಯುತ್ ಪೂರೈಸುವ ಎಸ್.ಎಂ.ಪಿ.ಎಸ್. ಡಬ್ಬಿಯನ್ನು ಮಾತ್ರ ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ಉಳಿದಿರಬಹುದು. ರ‍್ಯಾಮ್ ಕೊಳ್ಳುವಾಗ ಹಳೆಯದರ ಜಾತಿ ನೋಡಿಕೊಳ್ಳಬೇಕು, ಡಿ.ಡಿ.ಆರ್.-3ರ ಸ್ಲಾಟಿನಲ್ಲಿ ಡಿ.ಡಿ.ಆರ್.-4 ಕೂರದು. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್.ಎಸ್.ಡಿ. ಹಾಕಿದರೆ ತೆವಳುತ್ತಿದ್ದ ಯಂತ್ರವೂ ಚುರುಕಾಗುತ್ತದೆ. ಆರಂಭಕ್ಕೆ ಇಷ್ಟು ಸಾಕು.

ಮೆನ್ಲೊ ಪಾರ್ಕಿನವರಿಗೆ ಇದ್ದುದು ಒಂದು ಗ್ಯಾರೇಜು. ನಮ್ಮ ಸಂಘಕ್ಕೆ ಸಭಾಂಗಣವೇ ಇದೆ, ಹಬ್ಬವಿಲ್ಲದ ಭಾನುವಾರಗಳೂ ಇವೆ. ತಿಂಗಳಿಗೊಮ್ಮೆ ಹಿರಿಯರು ಕಿರಿಯರು ಕೂಡಿ ಕನ್ನಡದಲ್ಲೇ ಮಾತಾಡುತ್ತ ಒಂದು ಪೆಟ್ಟಿಗೆ ಬಿಚ್ಚಿ ಜೋಡಿಸಿದರೆ ಯಂತ್ರದ ಪರಿಚಯವೂ ಆದೀತು, ಮಕ್ಕಳ ಬಾಯಲ್ಲಿ ಭಾಷೆಯೂ ಉಳಿದೀತು. ಕಾರ್ಯಕಾರಿ ಸಮಿತಿಯವರು ಯೋಚಿಸಬೇಕೆಂದು ನಮ್ಮ ವಿನಂತಿ.