ಬಾಣಂತನದ ಕಾಯಿಲೆಗಳು: ಚಿತ್ರದುರ್ಗ ಸೀಮೆ

ಹೆರಿಗೆಯಾದ ಗಳಿಗೆಯಿಂದ ಸುಮಾರು ಆರು ವಾರದೊಳಗೆ ತಾಯಿಯ ಮೈಗೂ ಮನಸ್ಸಿಗೂ ಬರುವ ತೊಂದರೆಗಳೇ ಬಾಣಂತನದ ಕಾಯಿಲೆಗಳು. ಖಿನ್ನತೆಯಂಥವು ತಿಂಗಳುಗಟ್ಟಲೆ ಎಳೆಯುವುದೂ ಉಂಟು. ಮಿತಿಮೀರಿದ ರಕ್ತಸ್ರಾವ ಬಹುತೇಕ ಮೊದಲ ದಿನವೇ ಕಾಣುತ್ತದೆ. ಗರ್ಭಕೋಶಕ್ಕೆ ನಂಜೇರುವುದು ಮೊದಲ ವಾರ ಹತ್ತು ದಿನದಲ್ಲಿ, ಬುದ್ಧಿ ಕದಡುವಂಥ ತೀವ್ರ ಮನೋವಿಕಾರ ಮೊದಲೆರಡು ವಾರದಲ್ಲಿ. ಆ ದಿನಗಳಲ್ಲಿ ಬಾಣಂತಿ ಎಲ್ಲಿರುತ್ತಾಳೆ, ಯಾರ ಕಣ್ಣೆದುರಿಗಿರುತ್ತಾಳೆ ಎನ್ನುವುದರ ಮೇಲೆ ಅವಳ ಜೀವ ನಿಂತಿರುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಈ ಕಾಯಿಲೆಗಳ ಚರಿತ್ರೆ ಹೆಚ್ಚಾಗಿ ಆ ಜಾಗ ಬದಲಾದ ಚರಿತ್ರೆ.

ಶಾಸ್ತ್ರಗಳಿಗೆ ಈ ಕಾಯಿಲೆಗಳು ಹೊಸವಲ್ಲ. ಆಯುರ್ವೇದದ ಕಾಶ್ಯಪ ಸಂಹಿತೆ ಸೂತಿಕಾ ರೋಗಗಳನ್ನು ಬೇರೆಯಾಗಿಯೇ ವಿವರಿಸುತ್ತದೆ. ವಿಯೆನ್ನಾದ ವೈದ್ಯ ಸೆಮ್ಮೆಲ್‌ವೈಸ್ 1847ರಲ್ಲಿ ಹೆರಿಗೆ ಮಾಡಿಸುವವರು ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿ ಬಾಣಂತಿ ಜ್ವರದ ಸಾವುಗಳನ್ನು ಇಳಿಸಿದ. ಫ್ರಾನ್ಸಿನ ಮಾರ್ಸೆ 1858ರಲ್ಲಿ ಬಸುರಿ ಬಾಣಂತಿಯರ ಮನೋರೋಗಗಳ ಮೇಲೆ ಗ್ರಂಥವನ್ನೇ ಬರೆದ.

ಬಯಲುಸೀಮೆಯ ಹಳ್ಳಿಗಳಲ್ಲಿ ಹೆರಿಗೆ ಸೂಲಗಿತ್ತಿಯ ಕೈಯಲ್ಲಿತ್ತು. ಹಿರಿಯೂರಿಗೆ ದೂರವಲ್ಲದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಮಗು ಹೊರಬಂದು ಮಾಸು ಬೀಳದೆ ರಕ್ತ ಹರಿಯತೊಡಗಿದರೆ ಮಾತ್ರ ಎಂಥ ನುರಿತ ಕೈಗೂ ಮನೆಯಲ್ಲಿ ಮಾಡುವುದಕ್ಕೆ ಹೆಚ್ಚೇನೂ ಇರಲಿಲ್ಲ.

ತವರಿನ ಬಾಣಂತನಕ್ಕೆ ತನ್ನದೇ ಕ್ರಮವಿದೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಬಿಗಿಯಾಗಿ ಸುತ್ತಿದ ಸೀರೆ. ಎಣ್ಣೆ ಹಚ್ಚಿ ಸುಡುನೀರು ಎರೆದ ಮೇಲೆ ಸಾಂಬ್ರಾಣಿ ಹೊಗೆ. ಕೊಬ್ಬರಿ, ಬೆಲ್ಲ, ಮೆಣಸು ಹಾಕಿದ ಖಾರ. ಇದರಿಂದ ತಾಯಿಗೆ ಸಿಗುತ್ತಿದ್ದ ವಿಶ್ರಾಂತಿ ದೊಡ್ಡದು. ಕೇಡು ಇದ್ದದ್ದು ಕುಡಿಯುವ ನೀರಿಗೆ ಹಾಕಿದ ಕಟ್ಟುಪಾಡಿನಲ್ಲಿ. ಹೆರಿಗೆಯ ನಂತರ ರಕ್ತ ಸಹಜವಾಗಿಯೇ ಬೇಗ ಹೆಪ್ಪುಗಟ್ಟುತ್ತದೆ. ರಕ್ತಹೀನತೆ ಇದ್ದು ಮೈಯ ನೀರೂ ಆರಿದರೆ ಮಿದುಳಿನ ಅಭಿಧಮನಿಗಳಲ್ಲೇ ಹೆಪ್ಪು ಕಟ್ಟಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ತಜ್ಞ ಡಿ. ನಾಗರಾಜ ಮತ್ತು ಸಂಗಡಿಗರು ಈ ಕಾಯಿಲೆಯನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ತಾಳಲಾರದ ತಲೆನೋವು, ವಾಂತಿ, ಫಿಟ್ಸ್, ಒಂದು ಬದಿಯ ಕೈಕಾಲು ಸೋಲುವುದು ಇದರ ಲಕ್ಷಣ. ಮನೆಯವರು ಇದನ್ನೂ ನಂಜಿನ ಜ್ವರದ ಬಡಬಡಿಕೆಯನ್ನೂ ಮನೋವಿಕಾರವನ್ನೂ ಒಟ್ಟಿಗೆ ಸನ್ನಿ ಎಂದುಬಿಡುತ್ತಿದ್ದರು. ಮೂರಕ್ಕೂ ಮದ್ದು ಬೇರೆ ಬೇರೆ.

ಈ ಸೀಮೆಯ ಕಾಡುಗೊಲ್ಲ ಸಮುದಾಯದ ಹಟ್ಟಿಗಳದು ಇನ್ನೊಂದು ಬಗೆ. ಜುಂಜಪ್ಪ, ಎತ್ತಪ್ಪರಂಥ ದೈವಗಳಿಗೆ ಮೈಲಿಗೆ ತಟ್ಟಬಾರದೆಂದು ಬಾಣಂತಿಯನ್ನೂ ಕೂಸನ್ನೂ ಹಟ್ಟಿಯಾಚೆಯ ಗುಡ್ಲಿನಲ್ಲಿ ವಾರಗಟ್ಟಲೆ, ಕೆಲವೆಡೆ ತಿಂಗಳುಗಟ್ಟಲೆ ಇರಿಸುವ ಸೂತಕದ ಪದ್ಧತಿ ಅಲ್ಲಿತ್ತು, ಪೂರ್ತಿ ಹೋಗಿಯೂ ಇಲ್ಲ. ನಡುರಾತ್ರಿ ರಕ್ತ ಹೋದರೆ ಕೂಗು ಕೇಳುವಷ್ಟು ಹತ್ತಿರ ಯಾರೂ ಇರುವುದಿಲ್ಲ. ಸರ್ಕಾರ ಕೆಲವು ಹಟ್ಟಿಗಳಲ್ಲಿ ಕೃಷ್ಣ ಕುಟೀರ ಎಂಬ ಕಟ್ಟಡ ಕಟ್ಟಿಸಿತು. ಗುಡ್ಲಿಗಿಂತ ಅದು ಮೇಲು, ನಿಜ. ಹೊರಗಿಡುವುದಕ್ಕೆ ಸರ್ಕಾರವೇ ಸೂರು ಒದಗಿಸಿದಂತೆಯೂ ಆಯಿತು. 2017ರಲ್ಲಿ ವಿಧಾನಮಂಡಲ ಒಪ್ಪಿ 2020ರಲ್ಲಿ ಜಾರಿಗೆ ಬಂದ ಮೌಢ್ಯ ನಿಷೇಧ ಕಾಯ್ದೆ ಹೆಣ್ಣುಮಕ್ಕಳನ್ನು ಹೀಗೆ ಒಂಟಿಯಾಗಿಡುವುದನ್ನು ಅಪರಾಧವಾಗಿಸಿತು. ಆಮೇಲೂ, 2023ರ ಜುಲೈನಲ್ಲಿ, ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗಿನ ಗುಡಿಸಲಲ್ಲಿ ಮಳೆಚಳಿಗೆ ಹಸುಗೂಸೊಂದು ತೀರಿಕೊಂಡಿತು.

2005ರಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಅಭಿಯಾನ, ಅದರ ಆಶಾ ಕಾರ್ಯಕರ್ತೆಯರು, 2008ರಲ್ಲಿ ಬಂದ 108 ಆಂಬುಲೆನ್ಸ್ ಹೆರಿಗೆಯನ್ನು ಆಸ್ಪತ್ರೆಗೆ ತಂದವು. ರಾಜ್ಯದಲ್ಲಿ ಆಸ್ಪತ್ರೆ ಹೆರಿಗೆ 2005–06ರಲ್ಲಿ ಶೇ 65ರಷ್ಟಿದ್ದದ್ದು 2019–21ರ ಸಮೀಕ್ಷೆಯಲ್ಲಿ ಶೇ 97ಕ್ಕೆ ಮುಟ್ಟಿತು. ಲಕ್ಷ ಜೀವಂತ ಜನನಕ್ಕೆ 213 ಇದ್ದ ತಾಯಂದಿರ ಸಾವು 2018–20ರ ಹೊತ್ತಿಗೆ 69ಕ್ಕೆ ಇಳಿಯಿತು. ಔಷಧದ ದಾರಿಯೂ ಕರ್ನಾಟಕದಲ್ಲೇ ತೆರೆಯಿತು: ಬೆಳಗಾವಿಯ ಹಳ್ಳಿಗಳಲ್ಲಿ 1620 ತಾಯಂದಿರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೆರಿಗೆಯಾದೊಡನೆ ನುಂಗಿಸಿದ ಮಿಸೊಪ್ರೊಸ್ಟಾಲ್ ಮಾತ್ರೆ ಅತಿ ರಕ್ತಸ್ರಾವವನ್ನು ಶೇ 12ರಿಂದ 6.4ಕ್ಕೆ ತಗ್ಗಿಸಿತು. ಹಾಗೆಂದು ಆಸ್ಪತ್ರೆ ಸೇರಿದ ಮಾತ್ರಕ್ಕೆ ಗಂಡಾಂತರ ಕಳೆಯುವುದಿಲ್ಲ. 2024ರ ನವೆಂಬರ್‌ನಲ್ಲಿ ನೆರೆಯ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಅನುಮಾನ ಬಿದ್ದದ್ದು ನರಕ್ಕೆ ಏರಿಸಿದ ದ್ರಾವಣದ ಮೇಲೆ.

ಮನಸ್ಸಿನ ಚಿಕಿತ್ಸೆ ತಡವಾಗಿ ಬಂತು. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ನಿಮ್ಹಾನ್ಸ್ ಮೊದಲು ನಡೆಸಿ ನೋಡಿದ್ದು 1980ರ ದಶಕದಲ್ಲಿ, ಬಳ್ಳಾರಿಯಲ್ಲಿ. 1996ರಲ್ಲಿ ಅದೇ ಮಾದರಿ ದೇಶದ ಕಾರ್ಯಕ್ರಮವಾಯಿತು. ತಾಯಿ ಮಗುವನ್ನು ಜೊತೆಯಲ್ಲೇ ದಾಖಲಿಸಿಕೊಳ್ಳುವ ವಾರ್ಡ್ 2009ರಲ್ಲಿ ನಿಮ್ಹಾನ್ಸ್‌ನಲ್ಲಿ ತೆರೆಯಿತು. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳಿತು. ಹೆರಿಗೆಯ ನಂತರ 3, 7, 14, 21, 28 ಮತ್ತು 42ನೇ ದಿನ ಆಶಾ ಮನೆಗೆ ಬರಬೇಕೆಂಬ ನಿಯಮವಿದೆ. ಬಸುರಿಯ ನೋಂದಣಿಯ ತಾಯಿ ಕಾರ್ಡ್ ಆದದ್ದು ಗಂಡನ ಊರಲ್ಲಿ, ಬಾಣಂತನ ತವರಲ್ಲಿ ಎಂದಾದಾಗ ಈ ಭೇಟಿಗಳು ಎರಡೂರಿನ ನಡುವೆ ತಪ್ಪಿಹೋಗುತ್ತವೆ. ನಿದ್ದೆಯೇ ಬಾರದಿರುವುದು, ಮಗುವಿನ ಬಗ್ಗೆ ವಿಪರೀತ ಶಂಕೆ, ಇಲ್ಲದ ದನಿ ಕೇಳಿಸುವುದು ತುರ್ತು ಲಕ್ಷಣಗಳು. ಇಂಥ ಬಾಣಂತಿಯನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು. ಮಂಕು, ಅಳು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಎರಡು ವಾರ ಮೀರಿದರೆ ಖಿನ್ನತೆ ಇರಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಸಲಹೆ ಸಿಗುತ್ತದೆ.