ಮಕ್ಕಳ ಕಾಲೇಜು ಶಿಕ್ಷಣ ಮತ್ತು ತಂದೆ-ತಾಯಿ: ಒಂದು ಹಿನ್ನೋಟ

ಈ ಸಂಚಿಕೆಗೆ ಸಹಕಾರ ಚಳವಳಿಯ ಇತಿಹಾಸ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದ್ದರು. 1905ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದ ಕಥೆ ಸದಸ್ಯ ಬಾಂಧವರಿಗೆಲ್ಲ ಗೊತ್ತೇ ಇದೆ. ಆದ್ದರಿಂದ ಬೇರೆ ಇತಿಹಾಸ ಎತ್ತಿಕೊಂಡಿದ್ದೇನೆ. ಮೇ-ಜೂನ್ ತಿಂಗಳಲ್ಲಿ ಸಂಘದ ಕಟ್ಟೆಯ ಮೇಲೆ ಮಳೆಯ ಮಾತಿಗಿಂತ ಹೆಚ್ಚು ಕೇಳಿಬರುವ ಮಾತು ಒಂದೇ: "ಹುಡುಗನ್ನ ಯಾವುದಕ್ಕ ಹಾಕಿದ್ರಿ?" ಒಂದನೇ ಇಯತ್ತೆಗೆ ಹಾಕುವುದು ಸರಿ. ಹದಿನೆಂಟು ತುಂಬಿದವನನ್ನೂ ಹಾಕುವುದೇ? ಈ ಶಬ್ದ ನಮ್ಮಲ್ಲಿ ಯಾವಾಗ ಬಂತು?

ನಮ್ಮ ಭಾಗ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಅದಕ್ಕೂ ಮೊದಲು ಕಾಲೇಜು ಓದಬೇಕೆಂದರೆ ಪುಣೆ, ಮುಂಬಯಿ ಹಾದಿ ಹಿಡಿಯಬೇಕು. ವರಕವಿ ಬೇಂದ್ರೆಯವರು ತಂದೆಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡವರು, ಕಾಕಾನ ನೆರವಿನಿಂದ ಪುಣೆಯ ಫರ್ಗ್ಯುಸನ್ ಕಾಲೇಜಿಗೆ ಹೋಗಿ 1918ರಲ್ಲಿ ಬಿ.ಎ. ಮುಗಿಸಿದರು. ಮೈಸೂರು ಸೀಮೆಯ ವಿಶ್ವೇಶ್ವರಯ್ಯನವರದೂ ಹೆಚ್ಚುಕಡಿಮೆ ಇದೇ ಸ್ಥಿತಿ. ಎಳವೆಯಲ್ಲೇ ತಂದೆ ತೀರಿದ್ದರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಖರ್ಚು ತೂಗಿಸಿ, ಸೆಂಟ್ರಲ್ ಕಾಲೇಜಿನಿಂದ 1881ರಲ್ಲಿ ಬಿ.ಎ. ಆದರು. "ತಂದೆ ಬೆನ್ನ ಹಿಂದ ನಿಂತಿರಬೇಕು" ಎಂದು ಪಟ್ಟು ಹಿಡಿಯುವವರು ಈ ಇಬ್ಬರನ್ನು ಒಮ್ಮೆ ನೆನೆಯಬೇಕು.

ಹಾಗೆಂದು ಅವರು ಒಂಟಿಯಾಗಿ ಓದಿದರು ಎನ್ನಲಾಗದು. ಆ ಕಾಲದಲ್ಲಿ ತಂದೆ-ತಾಯಿಯ ಕೆಲಸವನ್ನು ಸಮಾಜವೇ ಹಂಚಿಕೊಂಡಿತ್ತು. ದಿನಕ್ಕೊಂದು ಮನೆಯಲ್ಲಿ ಊಟ ಮಾಡುವ ವಾರಾನ್ನ ಒಂದು ಬಗೆ. ಅದು ಬಹುಮಟ್ಟಿಗೆ ಜಾತಿಯೊಳಗಿನ ಉಪಕಾರ, ಎಲ್ಲರಿಗೂ ದಕ್ಕಲಿಲ್ಲ ಅನ್ನುವುದನ್ನೂ ಹೇಳಬೇಕು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಉಚಿತ ಪ್ರಸಾದ ನಿಲಯ ನಡೆಸಿ ಹಳ್ಳಿ ಹುಡುಗರಿಗೆ ಅನ್ನ-ಆಸರೆ ಕೊಟ್ಟರು. ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮಕ್ಕಳ ಓದಿಗೆ ಬರೆದಿಟ್ಟರು. ಅವರ ಹೆಸರಿನ ಕಾಲೇಜು 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾಯಿತು. ಇವರಾರೂ "ನೀನು ಇದನ್ನೇ ಓದು" ಎಂದವರಲ್ಲ.

ಮುಂದೆ ಕಾಲೇಜು ಹತ್ತಿರ ಬಂತು, ಬಸ್ಸೂ ಬಂತು. ಆಗ ಶುರುವಾದದ್ದೇ ಬುತ್ತಿಯ ಕಾಲ. ಧಾರವಾಡದಲ್ಲಿ ರೂಮು ಮಾಡಿಕೊಂಡು ಓದಿದವರು ಇದನ್ನು ಓದುತ್ತಿದ್ದರೆ ಈಗಲೇ ಬಾಯಲ್ಲಿ ನೀರು ಬಂದಿರುತ್ತದೆ! ತಾಯಿ ನಸುಕಿನಲ್ಲಿ ಎದ್ದು ರೊಟ್ಟಿ ಬಡಿದು, ಒಂದು ಪಲ್ಯ, ಶೇಂಗಾ ಚಟ್ನಿ, ಮೊಸರು ಸೇರಿಸಿ ಅರಿವೆಯಲ್ಲಿ ಕಟ್ಟುವಳು. ಅದು ಮೊದಲ ಬಸ್ಸಿಗೆ ಹೋಗಬೇಕು. ಡ್ರೈವರನ ಹಿಂದೆ ಡಬ್ಬಿಗಳ ಸಾಲು. ಯಾವುದು ಯಾರ ಮನೆಯದೆಂದು ಕಂಡಕ್ಟರ್ ಗಂಟು ನೋಡಿಯೇ ಹೇಳುವನು. ಸ್ಟ್ಯಾಂಡಿನಲ್ಲಿ ಹುಡುಗರು ಕಾಯ್ದು ನಿಂತು, ನಿನ್ನಿನ ಖಾಲಿ ಡಬ್ಬಿ ಏರಿಸಿ ಇಂದಿನದನ್ನು ಇಳಿಸಿಕೊಳ್ಳುವರು. ಬಸ್ಸು ಕೆಟ್ಟು ನಿಂತರೆ ಗೆಳೆಯನ ಬುತ್ತಿಯೇ ಗತಿ.

ಆ ತಾಯಿಗೆ ಮಗ ಓದುವ ವಿಷಯದ ಹೆಸರು ಗೊತ್ತಿರಲಿಲ್ಲ. ಆದರೆ ಎರಡು ದಿನ ರೊಟ್ಟಿ ಹಾಗೇ ಮರಳಿ ಬಂದರೆ ಏನೋ ಆಗೇದ ಎಂದು ತಿಳಿಯುತ್ತಿತ್ತು. ಜ್ವರವೋ, ಫೇಲಾದನೋ, ಯಾರೊಂದಿಗಾದರೂ ಜಗಳವೋ! ಮರುದಿನದ ಬಸ್ಸಿಗೆ ಡಬ್ಬಿಯ ಜೊತೆಗೆ ಅಪ್ಪನೂ ಹೋಗುತ್ತಿದ್ದ. ಕಾಲೇಜು ಮಗನಿಗೆ ಇಷ್ಟು ಆಸ್ಥೆ ಸಾಕು, ಇದಕ್ಕಿಂತ ಕಡಿಮೆಯೂ ಆಗಬಾರದು ಎಂಬುದು ನನ್ನ ಅಭಿಪ್ರಾಯ.

ಲೆಕ್ಕ ಬದಲಾದದ್ದು ದುಡ್ಡಿನಿಂದ. ಖಾಸಗಿ ಇಂಜಿನಿಯರಿಂಗ್, ಮೆಡಿಕಲ್ ಕಾಲೇಜುಗಳು ಹೆಚ್ಚಿದಂತೆ ಡೊನೇಶನ್ ಹಾವಳಿ ಹೆಚ್ಚಿತು. ಸರಕಾರ 1984ರಲ್ಲಿ ಅದನ್ನು ತಡೆಯಲು ಕಾಯ್ದೆ ಮಾಡಿತು. 1992ರಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಡೊನೇಶನ್ ಸಲ್ಲದು ಎಂದಿತು. ಮರುವರ್ಷದ ಇನ್ನೊಂದು ತೀರ್ಪು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ವಿಂಗಡಿಸಿತು. 1994ರಿಂದ ಸಿ.ಇ.ಟಿ. ಬಂತು. ಬಡವರ ಮಕ್ಕಳಿಗೆ ಇದರಿಂದ ನಿಜವಾಗಿಯೂ ಬಾಗಿಲು ತೆರೆಯಿತು. ಆದರೆ ಅದೇ ಬಾಗಿಲಲ್ಲಿ ತಂದೆಯೂ ಒಳಗೆ ಬಂದ. ರಾತ್ರಿ ಬಸ್ಸಿಗೆ ಬೆಂಗಳೂರು, ಒಳಜೇಬಿನಲ್ಲಿ ಡಿ.ಡಿ., ಕೌನ್ಸೆಲಿಂಗಿನಲ್ಲಿ ಮಗನ ಪಕ್ಕದ ಕುರ್ಚಿ. 2001ರ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಸಾಲದ ಕಾಗದಕ್ಕೂ ತಂದೆಯ ಸಹಿ ಬೇಕಾಯಿತು. ಈಗಂತೂ ಆಪ್ಶನ್ ಎಂಟ್ರಿ ಪಾಸ್‌ವರ್ಡ್ ಅಪ್ಪನ ಮೊಬೈಲಿನಲ್ಲಿ! ಮಗ ಮಲಗಿರುವಾಗ ಪೇಟೆಯ ಕಂಪ್ಯೂಟರ್ ಅಂಗಡಿಯವನು ಅವನ ಭವಿಷ್ಯ ತುಂಬುತ್ತಿರುತ್ತಾನೆ.

ಹದಿನೆಂಟಾದವನು ನಮ್ಮ ಸಂಘದ ಸದಸ್ಯನಾಗಬಹುದು, ಷೇರು ಹಿಡಿಯಬಹುದು, ಸಾಲಕ್ಕೆ ಸಹಿ ಹಾಕಬಹುದು. 1989ರಿಂದ ಮತವನ್ನೂ ಹಾಕುತ್ತಾನೆ. ಪ್ರಧಾನಿಯನ್ನು ಆರಿಸಲು ಶಾಣ್ಯಾ ಆದವನು ಇತಿಹಾಸ ಓದಬೇಕೋ ಇಂಜಿನಿಯರಿಂಗ್ ಓದಬೇಕೋ ಎಂಬುದಕ್ಕೆ ದಡ್ಡನೇ? "ಹೊಲ ಅಡವು ಇಟ್ಟವ ನಾನು, ಕೇಳಬಾರದೇನ್ರಿ?" ಎನ್ನುವವರಿದ್ದಾರೆ. ಖಂಡಿತ ಕೇಳಬೇಕು. ಎರಡೆಕರೆಯಲ್ಲಿ ಒಂದೆಕರೆ ಹೋಗುವಾಗ ಸುಮ್ಮನಿರಿ ಎನ್ನುವುದು ಅನ್ಯಾಯ. ಮನೆಯಿಂದ ಎಷ್ಟು ಸಾಧ್ಯ, ಎಷ್ಟು ಸಾಧ್ಯವಿಲ್ಲ ಎಂಬುದನ್ನು ಸೀಟು ಹಿಡಿಯುವ ಮೊದಲೇ ಮಗನ ಮುಂದೆ ಬಿಚ್ಚಿ ಇಡಬೇಕು. ಅಡವಿನ ಸುದ್ದಿ ಮುಚ್ಚಿಟ್ಟು, ಮೂರನೇ ವರ್ಷದಲ್ಲಿ ಅದೇ ಮಾತು ಎತ್ತಿ ಹಂಗಿಸುವುದನ್ನು ನೋಡಿದ್ದೇನೆ. ಅದರಿಂದ ಹೊಲವೂ ಉಳಿಯಲಿಲ್ಲ, ಮಗನೂ ಓದಲಿಲ್ಲ.

ಸೋಜಿಗವೆಂದರೆ, ಸೀಟು ಸಿಗುವತನಕ ಜೊತೆಯಲ್ಲೇ ಇದ್ದವರು ಸೀಟು ಸಿಕ್ಕ ಮೇಲೆ ಕಾಲೇಜಿನ ಕಡೆ ತಲೆಹಾಕುವುದಿಲ್ಲ. ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಶೇ. 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂಡ್ರಿಸುವುದಿಲ್ಲ. ಅದು ಮನೆಗೆ ತಿಳಿಯುವುದು ಹಾಲ್ ಟಿಕೆಟ್ ತಡೆದಾಗ. ಪಾಲಕರ ಸಭೆಗೆ ಕರೆದರೆ "ನಾವೇನ್ ಓದಿದವರೇನ್ರಿ, ಅಲ್ಲಿ ಹೋಗಿ ಏನ್ ಮಾತಾಡೋದು" ಎಂದು ಸಂಕೋಚ ಪಡುತ್ತಾರೆ. ರೊಟ್ಟಿ ನೋಡಿ ಮಗನ ಮನಸ್ಸು ತಿಳಿದ ತಾಯಿ ಯಾವ ಸಾಲೆಗೆ ಹೋಗಿದ್ದಳು?

ಹೆಣ್ಣುಮಕ್ಕಳ ವಿಷಯ ಬೇರೆ. ಅಲ್ಲಿ ಯಾವ ವಿಷಯ ಓದಬೇಕು ಅನ್ನುವ ಮಾತೇ ಬರುವುದಿಲ್ಲ. ಕಳಿಸಬೇಕೋ ಬೇಡವೋ ಅನ್ನುವುದರಲ್ಲೇ ಹಿರಿಯರ ಪಾತ್ರ ಮುಗಿದುಹೋಗುತ್ತದೆ. ಮೊದಲು ಬಸ್ಸಿನ ಖರ್ಚೂ ಒಂದು ನೆಪವಾಗಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಆ ನೆಪ ಹೋಯಿತು. ಉಳಿದದ್ದು "ಸಂಜೀ ಬಸ್ ತಡಾ ಆಗ್ತದ" ಎನ್ನುವುದು. ಅದಕ್ಕೆ ಮಗಳ ಓದು ಬಿಡಿಸುವುದಕ್ಕಿಂತ, ನಾಲ್ಕು ಮಂದಿ ಪಾಲಕರು ಡಿಪೋಕ್ಕೆ ಹೋಗಿ ಬಸ್ಸಿನ ವೇಳೆ ಬದಲಿಸಲು ಅರ್ಜಿ ಕೊಡುವುದು ಸುಲಭ.

ಸಂಘವೂ ಒಂದು ಸಣ್ಣ ಕೆಲಸ ಮಾಡಬಹುದು. ರೈತರ ಮಕ್ಕಳಿಗಾಗಿ 2021ರಲ್ಲಿ ರೈತ ವಿದ್ಯಾನಿಧಿ ಆರಂಭವಾದಾಗ ನಮ್ಮೂರಲ್ಲಿ ಎಷ್ಟು ಜನಕ್ಕೆ ವೇಳೆಗೆ ಸರಿಯಾಗಿ ಗೊತ್ತಾಯಿತು? ನಮ್ಮ ನೋಟೀಸು ಬೋರ್ಡಿನಲ್ಲಿ ಗೊಬ್ಬರ ಬಂದ ತಾರೀಖಿನ ಪಕ್ಕದಲ್ಲೇ ವಿದ್ಯಾರ್ಥಿವೇತನದ ಅರ್ಜಿಗಳ ಕೊನೆಯ ತಾರೀಖನ್ನೂ ಬರೆಯಬೇಕೆಂದು ಈ ಸಲದ ವಾರ್ಷಿಕ ಸಭೆಯಲ್ಲಿ ಸೂಚನೆ ಇಡುವವನಿದ್ದೇನೆ. ಅನುಮೋದಿಸುವವರು ದಯವಿಟ್ಟು ವೇಳೆಗೆ ಬರಬೇಕು.