ರಿಯೋ ಎಲೆಯಿಂದ ರಸಾಯನಶಾಸ್ತ್ರಕ್ಕೆ

ಆಲೂಗಡ್ಡೆಯ ಸಿಪ್ಪೆ ಹೆರೆದು, ಬುಡವನ್ನು ಸಮತಟ್ಟಾಗಿ ಕತ್ತರಿಸಿ, ನಡುವೆ ಕುಳಿ ಕೊರೆದು, ಅದಕ್ಕೆ ಗಟ್ಟಿ ಸಕ್ಕರೆ ದ್ರಾವಣ ತುಂಬಿ ನೀರಿನ ಬೀಕರಿನಲ್ಲಿ ನಿಲ್ಲಿಸುವ ಪ್ರಯೋಗ ವಿಜ್ಞಾನ ಓದಿದವರಿಗೆಲ್ಲ ಪರಿಚಿತ. ಗುಂಡುಸೂಜಿ ಚುಚ್ಚಿ ಗುರುತು ಮಾಡಿದ ಮಟ್ಟವನ್ನು ದಾಟಿ ದ್ರಾವಣ ಮೇಲೇರುತ್ತದೆ. ‘ಅಭಿಸರಣೆ ನಡೆಯಿತು’ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದರೆ ಮುಗಿಯಿತು. ಹಾಗೆ ಬರೆಯುವಾಗ ನಿಯಮವು ರಸಾಯನಶಾಸ್ತ್ರದಲ್ಲಿ ಮೊದಲೇ ಸಿದ್ಧವಾಗಿತ್ತು, ಗಡ್ಡೆ ಅದಕ್ಕೊಂದು ಉದಾಹರಣೆಯಷ್ಟೇ ಎಂಬ ಭಾವನೆ ಉಳಿದುಬಿಡುತ್ತದೆ. ಚರಿತ್ರೆ ನಡೆದದ್ದು ಅದಕ್ಕೆ ತಿರುಗುಮುರುಗಾಗಿ. ಗಿಡದ ಕೋಶವನ್ನು ಅರಿಯಹೊರಟವರ ಅಳತೆಗಳಿಂದಲೇ ರಸಾಯನಶಾಸ್ತ್ರಕ್ಕೆ ಈ ನಿಯಮ ದಕ್ಕಿತು.

ನೊಲೆಯ ಹೆಸರೆತ್ತಿ ಇದನ್ನು ಅಲ್ಲಗಳೆಯಬಹುದು. ಫ್ರಾನ್ಸಿನ ಪಾದ್ರಿಯೂ ಭೌತವಿಜ್ಞಾನಿಯೂ ಆಗಿದ್ದ ಝಾನ್ ಆಂಟ್ವಾನ್ ನೊಲೆ 1748ರಲ್ಲಿ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಬಿಗಿದು ನೀರಿನಲ್ಲಿಟ್ಟು, ಪೊರೆ ಉಬ್ಬಿದ್ದನ್ನು ಕಂಡಿದ್ದ. ಅಲ್ಲಿ ಗಿಡದ ಸುದ್ದಿಯೇ ಇಲ್ಲ. ನಿಜ. ಆದರೆ ನೊಲೆ ಹುಡುಕುತ್ತಿದ್ದುದು ದ್ರವಗಳು ಕುದಿಯುವುದರ ಕಾರಣವನ್ನು. ಪೊರೆಯ ಉಬ್ಬು ನಡುದಾರಿಯಲ್ಲಿ ಸಿಕ್ಕ ಸೋಜಿಗ, ಅದರಿಂದ ಅವನು ನಿಯಮವನ್ನೇನೂ ಕಟ್ಟಲಿಲ್ಲ. ಜೀವಿಗಳೊಳಗೆ ದ್ರವ ಚಲಿಸುವುದು ಹೇಗೆಂದು ಕೇಳಿಕೊಂಡ ವೈದ್ಯ ಆನ್ರಿ ದ್ಯುತ್ರೊಶೆ 1820ರ ದಶಕದಲ್ಲಿ ಈ ಸೆಳೆತಕ್ಕೆ ಹೆಸರಿಟ್ಟ, ಅಳೆಯಲು ಉಪಕರಣವನ್ನೂ ಮಾಡಿದ. ಮೊದಮೊದಲು ಇದೆಲ್ಲ ವಿದ್ಯುತ್ತಿನ ಕೆಲಸವೆಂದು ನಂಬಿದ್ದ. ಆ ಕಾಲದಲ್ಲಿ ಬಗೆಹರಿಯದ ಯಾವುದನ್ನೂ ವಿದ್ಯುತ್ತಿನ ತಲೆಗೆ ಕಟ್ಟುವುದು ಸುಲಭವಾಗಿತ್ತು.

ಪ್ರಾಣಿಗಳ ಪೊರೆಯಲ್ಲಿ ತೊಡಕೆಂದರೆ ಅದು ನೀರಿನ ಜೊತೆಗೆ ಸಕ್ಕರೆಯನ್ನೂ ಬಿಟ್ಟುಕೊಡುತ್ತದೆ. ನಿಖರ ಅಳತೆ ಸಿಗದು. ವೈನ್ ವ್ಯಾಪಾರ ನಡೆಸುತ್ತಲೇ ಸಂಶೋಧನೆ ಮಾಡುತ್ತಿದ್ದ ಜರ್ಮನಿಯ ಮೊರಿಟ್ಸ್ ಟ್ರೌಬೆ 1867ರಲ್ಲಿ ತಾಮ್ರದ ಫೆರೊಸೈನೈಡಿನಿಂದ ಕೃತಕ ಪೊರೆ ತಯಾರಿಸಿದ. ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್ ಅದನ್ನೇ ಮೆರುಗಿಲ್ಲದ ಮಣ್ಣಿನ ಪಾತ್ರೆಯ ಗೋಡೆಯೊಳಗೆ ಕೂರಿಸಿದ. 1877ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಬರೀ 1 ಶೇಕಡಾ ಸಕ್ಕರೆ ದ್ರಾವಣವೂ ವಾಯುಮಂಡಲದ ಒತ್ತಡದ ಮೂರನೆಯ ಎರಡು ಪಾಲಿನಷ್ಟು ಒತ್ತಡ ತೋರಿಸುತ್ತಿತ್ತು. ಮಣ್ಣಿನ ಪಾತ್ರೆ ಗಿಡವಲ್ಲವಲ್ಲ ಎನ್ನಬಹುದು. ಆದರೆ ಅವನು ಅದನ್ನು ರೂಪಿಸಿದ್ದೇ ಕೋಶದ ಪಡಿಯಚ್ಚಾಗಿ: ಗಟ್ಟಿ ಗೋಡೆ, ಅದಕ್ಕೆ ಒರಗಿದ ತೆಳುಪೊರೆ, ಒಳಗೆ ರಸ.

ಆಮ್‌ಸ್ಟರ್‌ಡ್ಯಾಮಿನ ಸಸ್ಯವಿಜ್ಞಾನಿ ಹ್ಯೂಗೊ ಡಿ ವ್ರೀಸ್ ಪಾತ್ರೆಯ ಗೊಡವೆಗೆ ಹೋಗದೆ ಕೋಶವನ್ನೇ ಮಾಪಕ ಮಾಡಿಕೊಂಡ. ರಿಯೋ ಗಿಡದ ಎಲೆಯ ಅಡಿಭಾಗದ ನೇರಳೆ ಸಿಪ್ಪೆಯನ್ನು ಬೇರೆಬೇರೆ ಸಾರತೆಯ ದ್ರಾವಣಗಳಲ್ಲಿಟ್ಟು, ಯಾವುದರಲ್ಲಿ ಬಣ್ಣದ ರಸ ಕುಗ್ಗಿ ಪೊರೆ ಗೋಡೆಯಿಂದ ಆಗತಾನೇ ಬಿಡತೊಡಗುತ್ತದೆ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದ. ನಮ್ಮ ಪಿಯುಸಿ ಪ್ರಯೋಗಾಲಯಕ್ಕೂ ಇದೇ ಎಲೆ ಬರುತ್ತದೆ. 1884ರಲ್ಲಿ ಅವನು ಪ್ರಕಟಿಸಿದ, ನೀರನ್ನೆಳೆಯುವ ಬಲದ ಪಟ್ಟಿಯಲ್ಲಿ ಸಕ್ಕರೆಯ ಅಣುವಿಗೆ ಸುಮಾರು 2 ಎಂಬ ಬೆಲೆಯಾದರೆ ಪೆಟ್ಲುಪ್ಪಿನದಕ್ಕೆ 3. ಸಹೋದ್ಯೋಗಿ, ರಸಾಯನವಿಜ್ಞಾನಿ ವಾಂಟ್ ಹಾಫ್‌ಗೆ ಫೆಫರನ ಅಂಕಿಗಳ ಸುದ್ದಿ ಮುಟ್ಟಿಸಿದವನೂ ಇವನೇ. ಆ ಅಂಕಿಗಳನ್ನು ಹಿಡಿದು ವಾಂಟ್ ಹಾಫ್, ತೆಳು ದ್ರಾವಣದ ಒತ್ತಡ ಅನಿಲಗಳ ನಿಯಮವನ್ನೇ ಪಾಲಿಸುತ್ತದೆಂದು ತೋರಿಸಿದ. 1901ರಲ್ಲಿ ರಸಾಯನಶಾಸ್ತ್ರದ ಮೊದಲ ನೊಬೆಲ್ ಅವನಿಗೆ ಬಂತು. ಪೆಟ್ಲುಪ್ಪು ತನ್ನ ಪಾಲಿಗಿಂತ ಹೆಚ್ಚು ಎಳೆಯುವುದೇಕೆ ಎಂಬುದಕ್ಕೆ, ಲವಣಗಳು ನೀರಿನಲ್ಲಿ ಅಯಾನುಗಳಾಗಿ ಒಡೆಯುತ್ತವೆಂಬ ಅರೇನಿಯಸ್‌ನ 1887ರ ವಾದ ಉತ್ತರವಾಯಿತು.

ಇಷ್ಟಾದರೂ ಕುಳಿ ಕೊರೆದ ಆಲೂಗಡ್ಡೆ ಒಳ್ಳೆಯ ಪುರಾವೆಯಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. ಅದು ಒಂದೇ ಪೊರೆಯಲ್ಲ, ಅಸಂಖ್ಯ ಕೋಶಗಳ ರಾಶಿ. ನೀರು ಕೋಶಭಿತ್ತಿಗಳ ಮೂಲಕವೂ ಜಿನುಗಬಲ್ಲದು. ಮಟ್ಟ ಏರಿದ್ದಷ್ಟೇ ಕಾಣುತ್ತದೆ, ಅಂಕಿ ಕೈಗೆ ಸಿಗುವುದಿಲ್ಲ. ಒಂದೇ ಅಳತೆಯ ತುಂಡುಗಳನ್ನು ತೂಗಿ, ಸಪ್ಪೆ ನೀರಿನಿಂದ ಹಿಡಿದು ಗಟ್ಟಿ ದ್ರಾವಣದವರೆಗೆ ಸಾಲಾಗಿ ಮುಳುಗಿಸಿ, ಮತ್ತೆ ತೂಗಿ, ತೂಕ ಏರದೆ ಇಳಿಯದೆ ನಿಲ್ಲುವ ಸಾರತೆಯನ್ನು ಹುಡುಕಿದರೆ ಡಿ ವ್ರೀಸನ ಹಾದಿಗೆ ಹತ್ತಿರ ಬರುತ್ತೇವೆ. ಎರಡೂ ಒಂದೇ ಬಿಂದುವಲ್ಲ ಎಂಬುದನ್ನು ಮರೆಯಬಾರದು: ಅವನದು ಕೋಶದ ಬಿಗುವು ಪೂರ್ತಿ ಇಳಿದ ಹಂತ, ತಕ್ಕಡಿ ತೋರಿಸುವುದು ಬಿಗುವು ಇನ್ನೂ ಉಳಿದಿರಬಹುದಾದ ಸಮತೋಲ. ಇನ್ನು ಭಿತ್ತಿಗಳ ಮೂಲಕ ಜಿನುಗಿದ ನೀರೇ ಮಟ್ಟವನ್ನು ಏರಿಸಿತೇ ಎಂಬ ಸಂಶಯಕ್ಕೆ ಬೇಯಿಸಿದ ಗಡ್ಡೆಯೊಂದನ್ನು ಪಕ್ಕದಲ್ಲಿಟ್ಟರೆ ಸಾಕು. ಬೆಂದಾಗ ಭಿತ್ತಿಗಳು ಉಳಿಯುತ್ತವೆ, ಪೊರೆಗಳು ಹಾಳಾಗುತ್ತವೆ, ಕುಳಿಯ ದ್ರಾವಣ ಮೇಲೇರುವುದಿಲ್ಲ.